ಅಮೆರಿಕದ 29.97, ಯುರೋಪಿನ 25: ಎರಡೂ ಕಡೆಗೆ ಹೊಂದುವಂತೆ ವಿಡಿಯೊ ತೆಗೆಯುವುದು ಹೇಗೆ?

ಅಮೆರಿಕದ ಟಿವಿ ಸೆಕೆಂಡಿಗೆ 29.97 ಫ್ರೇಮ್, ಅಂದರೆ ಅಷ್ಟು ಬಿಡಿ ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಯುರೋಪಿನದು 25. ಎರಡೂ ಕಡೆಯ ಕೆಲಸಕ್ಕೆ ಒಂದೇ ಕ್ಯಾಮೆರಾ ಬಳಸಬೇಕಾಗಿ ಬಂದಾಗ ತಲೆನೋವು ಶುರುವಾಗುವುದು ಇಲ್ಲಿಂದಲೇ. ಬರ್ಲಿನ್‌ನ ಆಫೀಸೊಂದರಲ್ಲಿ ತೆಗೆದ ಸಂದರ್ಶನದಲ್ಲಿ ಹಿಂದಿನ ಗೋಡೆ ಪಟಪಟ ಮಿನುಗುತ್ತದೆ. ಚಿಕಾಗೋಗೆ ಕಳಿಸಿದ ಫೈಲಿನಲ್ಲಿ ಸುಮ್ನೆ ನಡೆದುಹೋಗುವ ಮನುಷ್ಯ ಸೆಕೆಂಡಿಗೆ ಐದು ಸಲ ಮುಗ್ಗರಿಸಿದಂತೆ ಕಾಣುತ್ತಾನೆ. ಮೊದಲನೆಯದು ಲೈಟಿಗೂ ಶಟರಿಗೂ (ಪ್ರತಿ ಫ್ರೇಮಿಗೆ ಇಷ್ಟು ಹೊತ್ತು ಎಂದು ಬೆಳಕು ಒಳಬಿಡುವ ಬಾಗಿಲು) ಹೊಂದದ ತೊಂದರೆ. ಎರಡನೆಯದು ಫ್ರೇಮ್ ಲೆಕ್ಕ ಬದಲಿಸಿದಾಗ ಆದ ತೊಂದರೆ. ತುಂಬಾ ಜನ ಎರಡನ್ನೂ ಒಂದೇ ಎಂದುಕೊಂಡು, ಲೈಟು ಮಿನುಗಿತು ಅಂತ ಫ್ರೇಮ್ ರೇಟ್ ಬದಲಿಸಿಬಿಡುತ್ತಾರೆ. ಆಮೇಲೆ ಎಡಿಟಿಂಗ್ ಟೇಬಲ್ ಮೇಲೆ ಇನ್ನೂ ದೊಡ್ಡ ಸಮಸ್ಯೆ ಎದುರಾಗುತ್ತದೆ.

ಫ್ರೇಮ್ ರೇಟನ್ನು ಆರಿಸಬೇಕಾದ್ದು ವಿಡಿಯೊ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ. ಶಟರ್ ವೇಗವನ್ನು ಆರಿಸಬೇಕಾದ್ದು ನೀವು ಎಲ್ಲಿ ನಿಂತು ತೆಗೆಯುತ್ತಿದ್ದೀರಿ ಎಂಬುದನ್ನು ನೋಡಿ. ಮುಂದಿನ ಹಂತಗಳೆಲ್ಲ ಈ ಎರಡು ಮಾತಿನ ವಿವರಗಳೇ.

ಎರಡು ಲೆಕ್ಕ ಬಂದದ್ದು ಎಲ್ಲಿಂದ?

ಮೂಲ ಕಾರಣ ಕರೆಂಟು. ಅಮೆರಿಕದ ವಿದ್ಯುತ್ ಜಾಲ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸುತ್ತು, ಯುರೋಪಿನದು 50 ಹರ್ಟ್ಸ್. ಟಿವಿ ಹುಟ್ಟಿದ ಕಾಲದಲ್ಲಿ ಚಿತ್ರದ ಲಯ ಕರೆಂಟಿನ ಲಯದ ಜೊತೆ ಹೋಗದಿದ್ದರೆ ಪರದೆಯ ಮೇಲೆ ಪಟ್ಟಿಗಳು ತೇಲುತ್ತಿದ್ದವು. ಹಾಗಾಗಿ 1941ರ ಅಮೆರಿಕದ ಎನ್‌ಟಿಎಸ್‌ಸಿ ಕಪ್ಪು-ಬಿಳುಪು ಪದ್ಧತಿ ಸೆಕೆಂಡಿಗೆ 60 ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ), ಅಂದರೆ 30 ಪೂರ್ತಿ ಫ್ರೇಮ್ ಇಟ್ಟುಕೊಂಡಿತು. ಯುರೋಪ್ 50 ಫೀಲ್ಡ್, 25 ಫ್ರೇಮ್ ಇಟ್ಟುಕೊಂಡಿತು.

ಹಾಗಾದರೆ ಅಮೆರಿಕದ 30 ಯಾಕೆ 29.97 ಆಯಿತು? 1953ರ ಡಿಸೆಂಬರಿನಲ್ಲಿ ಅಲ್ಲಿ ಬಣ್ಣದ ಟಿವಿಗೆ ಒಪ್ಪಿಗೆ ಸಿಕ್ಕಿತು. ಹಳೆಯ ಕಪ್ಪು-ಬಿಳುಪು ಸೆಟ್ಟುಗಳಲ್ಲೂ ಅದೇ ಪ್ರಸಾರ ಕಾಣಿಸಬೇಕಿತ್ತು. ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಾಗಿ ಚಿತ್ರದಲ್ಲಿ ಕಲೆ ಕಾಣದಿರಲಿ ಎಂದು ಇಡೀ ಲಯವನ್ನೇ 1000 ಭಾಗಿಸು 1001ರಷ್ಟು ನಿಧಾನ ಮಾಡಿದರು. 30 ಹೋಗಿ 30000/1001 ಆಯಿತು, ಅದೇ 29.97. 60 ಮತ್ತು ಸಿನಿಮಾದ 24ನ್ನು ಹಾಗೇ ನಿಧಾನ ಮಾಡಿದಾಗ ಬಂದ 59.94 ಮತ್ತು 23.976 ಅದರ ಅಣ್ಣ ತಮ್ಮಂದಿರು. ಆ ಸಾವಿರದಲ್ಲೊಂದು ಪಾಲಿನ ಹೊಂದಾಣಿಕೆಯನ್ನು ಇವತ್ತಿಗೂ ಎಲ್ಲರೂ ಹೊತ್ತುಕೊಂಡು ತಿರುಗುತ್ತಿದ್ದೇವೆ.

ಯುರೋಪಿಗೆ ಬಣ್ಣ ತಡವಾಗಿ ಬಂತು. ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿ ವಾಲ್ಟರ್ ಬ್ರುಖ್ ರೂಪಿಸಿದ ಪಾಲ್ ಪದ್ಧತಿಯಲ್ಲಿ 1967ರಲ್ಲಿ ಬ್ರಿಟನ್ ಮತ್ತು ಪಶ್ಚಿಮ ಜರ್ಮನಿಯ ಪ್ರಸಾರ ಶುರುವಾಯಿತು. ಅದೇ ವರ್ಷ ಫ್ರಾನ್ಸ್ ಸೆಕಾಮ್ ಹಿಡಿಯಿತು. ಬಣ್ಣದ ವಿಧಾನ ಬೇರೆಯಾದರೂ ಇವೆಲ್ಲದರಲ್ಲೂ 25 ಸರಿಯಾಗಿ 25 ಆಗಿಯೇ ಉಳಿಯಿತು.

ಅನಲಾಗ್ ಎನ್‌ಟಿಎಸ್‌ಸಿ, ಪಾಲ್ ಎರಡೂ ಈಗ ಇತಿಹಾಸ. ಅಮೆರಿಕದ ದೊಡ್ಡ ಕೇಂದ್ರಗಳು 2009ರ ಜೂನ್ 12ಕ್ಕೆ ಅನಲಾಗ್ ನಿಲ್ಲಿಸಿದವು. ಆದರೂ ಕ್ಯಾಮೆರಾ ಮೆನುವಿನಲ್ಲಿ ಈ ಹೆಸರುಗಳು ಇನ್ನೂ ಇವೆ. ಎನ್‌ಟಿಎಸ್‌ಸಿ ಅಂತ ಕಂಡರೆ 23.976, 29.97, 59.94ರ ಗುಂಪು ಎಂದು ಓದಿಕೊಳ್ಳಿ. ಪಾಲ್ ಅಂದರೆ 25 ಮತ್ತು 50ರ ಗುಂಪು. ಎಚ್‌ಡಿಯಲ್ಲಿ ಎರಡೂ ಕಡೆ 1920×1080 ಒಂದೇ, ರೆಕ್ 709 ಎಂಬ ಬಣ್ಣದ ಮಾನದಂಡವೂ ಒಂದೇ. ಮುಖ್ಯವಾಗಿ ಉಳಿದ ಜಗಳ ಫ್ರೇಮ್ ರೇಟಿನದು.

ಹಂತ 1: ಕೊನೆಗೆ ಇದನ್ನು ಯಾರು ಪ್ರಸಾರ ಮಾಡುತ್ತಾರೆ?

ಕ್ಯಾಮೆರಾ ಮುಟ್ಟುವ ಮೊದಲೇ ಈ ಪ್ರಶ್ನೆಗೆ ಉತ್ತರ ಬೇಕು. ಚಾನೆಲ್ಲಿಗೆ ಕೊಡುವುದಾದರೆ ಅವರ ತಾಂತ್ರಿಕ ನಿಯಮದ ಕಾಗದ ಕೇಳಿ ತರಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಬೇಡಿ. "ಮೂವತ್ತು" ಎಂದವರಿಗೆ ಬೇಕಾಗಿರುವುದು 29.97, "ಇಪ್ಪತ್ತನಾಲ್ಕು" ಎಂದವರಿಗೆ ಹೆಚ್ಚಿನ ಸಲ ಬೇಕಾಗಿರುವುದು 23.976.

ಬರೆಯುವ ರೀತಿಯಲ್ಲೂ ಗೊಂದಲ ಇದೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಇಬಿಯು 1080ಐ/25 (ಐ ಎಂದರೆ ಇಂಟರ್‌ಲೇಸ್, ಫೀಲ್ಡ್ ಫೀಲ್ಡಾಗಿ ಬರುವ ಚಿತ್ರ; ಪಿ ಎಂದರೆ ಪ್ರೊಗ್ರೆಸ್ಸಿವ್, ಪೂರ್ತಿ ಫ್ರೇಮಾಗಿಯೇ ಬರುವ ಚಿತ್ರ) ಎಂದು ಬರೆಯುತ್ತದೆ, ಅಲ್ಲಿ ಎಣಿಸುವುದು ಫ್ರೇಮನ್ನು. ಕ್ಯಾಮೆರಾ ಕಂಪನಿಗಳು ಅದನ್ನೇ 1080 50ಐ ಎನ್ನುತ್ತವೆ, ಅಲ್ಲಿ ಎಣಿಸುವುದು ಫೀಲ್ಡನ್ನು. ಎರಡೂ ಒಂದೇ ವಸ್ತು. ಅಮೆರಿಕದಲ್ಲಿ ಎಬಿಸಿ ಮತ್ತು ಫಾಕ್ಸ್ ಎಚ್‌ಡಿಗೆ 720ಪಿ 59.94 ಆರಿಸಿಕೊಂಡವು, ಸಿಬಿಎಸ್ ಮತ್ತು ಎನ್‌ಬಿಸಿ 1080ಐ 59.94 ಆರಿಸಿಕೊಂಡವು. ಅಂದರೆ ಒಂದೇ ದೇಶದೊಳಗೂ ಕೇಳಿಯೇ ತಿಳಿಯಬೇಕು.

ನಿರ್ಧಾರ ಹೀಗಿರಲಿ:

- ಅಮೆರಿಕದ ಚಾನೆಲ್ಲಿಗೆ ಮಾತ್ರವಾದರೆ 29.97 ಅಥವಾ 59.94. ಕಥೆ, ಸಾಕ್ಷ್ಯಚಿತ್ರವಾದರೆ 23.976. ಯುರೋಪಿನಲ್ಲಿ ನಿಂತು ತೆಗೆದರೂ ಇದೇ.
- ಯುರೋಪಿಗೆ ಮಾತ್ರವಾದರೆ 25 ಅಥವಾ 50. ಅಮೆರಿಕದಲ್ಲಿ ನಿಂತು ತೆಗೆದರೂ ಇದೇ.
- ಎರಡೂ ಕಡೆಗೆ ಹೋಗುವ ಕಥೆ, ಸಾಕ್ಷ್ಯಚಿತ್ರ, ಸಂದರ್ಶನವಾದರೆ 23.976 ಅಥವಾ 25, ಪ್ರೊಗ್ರೆಸ್ಸಿವ್.
- ಎರಡೂ ಕಡೆಗೆ ಹೋಗುವ ಆಟ, ನೃತ್ಯ, ನೇರಪ್ರಸಾರವಾದರೆ ಜಾಸ್ತಿ ಜನ ನೋಡುವ ಕಡೆಯ 50 ಅಥವಾ 59.94. ಇನ್ನೊಂದು ಕಡೆಗೆ ಒಳ್ಳೆಯ ಕನ್ವರ್ಟರ್.
- ಇಂಟರ್ನೆಟ್ಟಿಗೆ ಮಾತ್ರವಾದರೆ ಯಾವುದಾದರೂ ನಡೆಯುತ್ತದೆ, ಒಂದನ್ನು ಹಿಡಿದರೆ ಕೊನೆಯವರೆಗೂ ಅದೇ ಇರಲಿ.

ಮೂರನೇ ಸಾಲಿನ ಬಗ್ಗೆ ಕೇಳಿದರೆ ನನ್ನ ಮತ 25ಕ್ಕೆ. ಅದನ್ನು ಅಮೆರಿಕಕ್ಕೆ ಒಯ್ಯುವ ದಾರಿ ಸುಲಭ, ಯುರೋಪಿಗೆ ಏನೂ ಮಾಡಬೇಕಾಗಿಲ್ಲ, ಟೈಮ್‌ಕೋಡೂ (ಪ್ರತಿ ಫ್ರೇಮಿಗೆ ಅಂಟಿಸುವ ಸಮಯದ ಸಂಖ್ಯೆ) ಸರಳ. ಎರಡೂ ಕಡೆಗೆ ಸಲ್ಲಲಿ ಎಂದು 29.97ರಲ್ಲಿ ತೆಗೆಯುವವರಿದ್ದಾರೆ. ಅದು ಮಾತ್ರ ಬೇಡ. 29.97ರಿಂದ 25ಕ್ಕೆ ಬರುವ ದಾರಿಯಲ್ಲಿ ಚಿತ್ರ ಕೆಡುವುದು ಜಾಸ್ತಿ.

ಹಂತ 2: ನಿಮ್ಮ ಕ್ಯಾಮೆರಾಕ್ಕೆ ಎರಡೂ ಬರುತ್ತದಾ?

ಮನೆಯಲ್ಲೇ, ಹೊರಡುವ ಮೊದಲೇ ನೋಡಿಕೊಳ್ಳಿ. ಹಳೆಯ ಕ್ಯಾಮ್‌ಕಾರ್ಡರ್‌ಗಳು ಮಾರಾಟವಾದ ಪ್ರದೇಶಕ್ಕೇ ಬೀಗ ಹಾಕಿಕೊಂಡು ಬರುತ್ತಿದ್ದವು. ಅಮೆರಿಕದಲ್ಲಿ ಕೊಂಡದ್ದರಲ್ಲಿ 25 ಸಿಗುವುದೇ ಇಲ್ಲ. ಈಚಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ, ಆದರೆ ಮೆನುವಿನಲ್ಲಿ ಅಡಗಿರುತ್ತವೆ. ಸೋನಿಯಲ್ಲಿ ಎನ್‌ಟಿಎಸ್‌ಸಿ/ಪಾಲ್ ಸೆಲೆಕ್ಟರ್, ಕ್ಯಾನನ್‌ನಲ್ಲಿ ವಿಡಿಯೊ ಸಿಸ್ಟಮ್, ಪ್ಯಾನಾಸೋನಿಕ್‌ನಲ್ಲಿ ಸಿಸ್ಟಮ್ ಫ್ರೀಕ್ವೆನ್ಸಿ, ಗೋಪ್ರೊದಲ್ಲಿ ಆ್ಯಂಟಿ-ಫ್ಲಿಕರ್. ಹೆಸರು ಬೇರೆ ಬೇರೆ, ಕೆಲಸ ಒಂದೇ. ಆ ಬಟನ್ ಒತ್ತಿದ ಮೇಲೆ ಫ್ರೇಮ್ ರೇಟ್ ಪಟ್ಟಿಯೇ ಬದಲಾಗುತ್ತದೆ.

ಒತ್ತುವ ಮೊದಲು ಕಾರ್ಡಿನಲ್ಲಿರುವುದನ್ನು ನಕಲು ಮಾಡಿಟ್ಟುಕೊಳ್ಳಿ. ಕೆಲವು ಕ್ಯಾಮೆರಾಗಳು ಪದ್ಧತಿ ಬದಲಿಸಿದ ಕೂಡಲೇ ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡು ಎಂದು ಹಟ ಹಿಡಿಯುತ್ತವೆ. ಇನ್ನೊಂದು ವಿಚಿತ್ರ ಎಂದರೆ ಹಲವು ಕ್ಯಾಮೆರಾಗಳಲ್ಲಿ 24ಪಿ ಇರುವುದು ಎನ್‌ಟಿಎಸ್‌ಸಿ ಗುಂಪಿನಲ್ಲಿ ಮಾತ್ರ. ಪಾಲ್‌ಗೆ ಬದಲಿಸಿದರೆ ಅದು ಮಾಯ. 24ಪಿ ಎಂದು ಬರೆದಿರುವುದು ಸರಿಯಾಗಿ 24 ಆಗಿರದೆ 23.976 ಆಗಿರುವುದೂ ಮಾಮೂಲು. ಒಂದು ಕ್ಲಿಪ್ ತೆಗೆದು ಕಂಪ್ಯೂಟರಿನಲ್ಲಿ ನೋಡಿದರೆ ನಿಜ ಗೊತ್ತಾಗುತ್ತದೆ.

ಫೋನಿನಲ್ಲಿ ತೆಗೆಯುವವರು ಎರಡು ವಿಷಯ ಗಮನಿಸಿ. ಐಫೋನಿನಲ್ಲಿ 25 ಬೇಕಾದರೆ ಸೆಟಿಂಗ್ಸ್‌ನ ಕ್ಯಾಮೆರಾ ವಿಭಾಗಕ್ಕೆ ಹೋಗಿ, ರೆಕಾರ್ಡ್ ವಿಡಿಯೊ ಒಳಗೆ ಪಾಲ್ ಫಾರ್ಮ್ಯಾಟ್‌ಗಳನ್ನು ತೋರಿಸುವ ಸ್ವಿಚ್ ಆನ್ ಮಾಡಬೇಕು. ಎರಡನೆಯದು, ಫೋನುಗಳು ಬೆಳಕು ಕಮ್ಮಿಯಾದಾಗ ಫ್ರೇಮ್ ರೇಟನ್ನು ತಾವೇ ಏರಿಳಿಸುತ್ತವೆ. ಅದರ ಮದ್ದು ಐದನೇ ಹಂತದಲ್ಲಿದೆ.

ಹಂತ 3: ಮಿನುಗುವ ಲೈಟನ್ನು ಶಟರಿನಿಂದ ಹಿಡಿಯಿರಿ

ಈ ಹಂತ ಸ್ವಲ್ಪ ಉದ್ದ. ಚಿತ್ರೀಕರಣದ ಜಾಗದಲ್ಲಿ ತಪ್ಪಿದರೆ ಆಮೇಲೆ ಸರಿಮಾಡಲು ಕಷ್ಟವಾಗುವ ಸಂಗತಿ ಇದೊಂದೇ.

ಕರೆಂಟಿನ ಒಂದೊಂದು ಸುತ್ತಿಗೆ ಲೈಟು ಎರಡು ಸಲ ಉಬ್ಬಿ ಇಳಿಯುತ್ತದೆ. ಹಾಗಾಗಿ ಯುರೋಪಿನಲ್ಲಿ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ, ಅಮೆರಿಕದಲ್ಲಿ 120 ಸಲ ಮಿಡಿಯುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ.

ಬರ್ಲಿನ್‌ನ ಆ ಸಂದರ್ಶನವನ್ನೇ ತೆಗೆದುಕೊಳ್ಳಿ. ಅಮೆರಿಕದ ಚಾನೆಲ್ಲಿಗೆ ಬೇಕು ಎಂದು 29.97 ಇಟ್ಟಿದ್ದೀರಿ, ಶಟರ್ ಅಭ್ಯಾಸದಂತೆ 1/60. ಒಂದು ಫ್ರೇಮಿಗೆ ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಲೈಟು ಸುಮಾರು 1.67 ಸಲ ಮಿಡಿಯುತ್ತದೆ. ಒಂದು ಫ್ರೇಮಿಗೆ ಎರಡು ಪೂರ್ತಿ ಉಬ್ಬು ಸಿಕ್ಕರೆ ಮುಂದಿನದಕ್ಕೆ ಒಂದೂವರೆ ಸಿಗುತ್ತದೆ. ಮೂರು ಫ್ರೇಮಿಗೊಮ್ಮೆ ಇದೇ ಮಾದರಿ ಮರುಕಳಿಸುತ್ತದೆ. ಫಲ, ಸೆಕೆಂಡಿಗೆ ಸುಮಾರು ಹತ್ತು ಸಲ ಗೋಡೆ ಮಿನುಗುತ್ತದೆ. ಈಗ ಫ್ರೇಮ್ ರೇಟ್ ಮುಟ್ಟಬೇಡಿ. ಶಟರನ್ನು 1/50ಕ್ಕೆ ಇಳಿಸಿ. 1/50 ಸೆಕೆಂಡಿನಲ್ಲಿ ಲೈಟು ಸರಿಯಾಗಿ ಎರಡು ಸಲ ಮಿಡಿಯುತ್ತದೆ. ಶಟರ್ ಯಾವ ಕ್ಷಣದಲ್ಲಿ ತೆರೆದರೂ ಎರಡು ಮಿಡಿತದಷ್ಟೇ ಬೆಳಕು ಒಳಗೆ ಬರುತ್ತದೆ. ಮಿನುಗು ನಿಲ್ಲುತ್ತದೆ. ಬೆಳಕೂ ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಜಾಸ್ತಿ ಸಿಗುತ್ತದೆ.

ಇದೇ ಲೆಕ್ಕ ಎಲ್ಲ ಕಡೆಗೂ. ಶಟರ್ ತೆರೆದಿರುವ ಹೊತ್ತು ಪೂರ್ತಿ ಮಿಡಿತಗಳಿಗೆ ಸರಿಹೊಂದಬೇಕು.

50 ಹರ್ಟ್ಸ್ ಲೈಟಿನ ಕೆಳಗೆ:
- 23.976, 25, 29.97ಕ್ಕೆ 1/50. ಬೆಳಕು ಜಾಸ್ತಿಯಿದ್ದರೆ 1/100.
- 59.94ಕ್ಕೆ 1/100. ಒಂದು ಫ್ರೇಮಿಗೆ ಸಿಗುವುದೇ 1/60 ಸೆಕೆಂಡು, ಆದ್ದರಿಂದ 1/50 ಇಡಲಾಗದು.

60 ಹರ್ಟ್ಸ್ ಲೈಟಿನ ಕೆಳಗೆ:
- 25ಕ್ಕೆ 1/60. ಕತ್ತಲಿದ್ದರೆ 1/40, ಅದರಲ್ಲಿ ಮೂರು ಮಿಡಿತ ಕೂರುತ್ತದೆ.
- 50ಕ್ಕೆ 1/60 ಅಥವಾ 1/120.
- 23.976ಕ್ಕೆ 1/60 ಅಥವಾ 1/40. 1/48 ಕೂಡ ಹೆಚ್ಚಿನ ಸಲ ನಡೆಯುತ್ತದೆ, 24ನ್ನು ಐದರಿಂದ ಗುಣಿಸಿದರೆ 120 ಅಲ್ವಾ.

ಶಟರನ್ನು ಡಿಗ್ರಿಯಲ್ಲಿ ತೋರಿಸುವ ಕ್ಯಾಮೆರಾ ಆದರೆ ಫ್ರೇಮ್ ರೇಟನ್ನು ಶಟರ್ ವೇಗದಿಂದ ಗುಣಿಸಿ, ಮತ್ತೆ 360ರಿಂದ ಗುಣಿಸಿ. 24 ಫ್ರೇಮಿಗೆ 1/50 ಅಂದರೆ 172.8 ಡಿಗ್ರಿ. 30ಕ್ಕೆ 1/50 ಅಂದರೆ 216. 25ಕ್ಕೆ 1/60 ಅಂದರೆ 150. 180 ಡಿಗ್ರಿಯೇ ಇರಬೇಕು, ಇಲ್ಲದಿದ್ದರೆ ಚಲನೆ ಚೆನ್ನಾಗಿ ಕಾಣಲ್ಲ ಎಂದು ಹಟ ಹಿಡಿಯುವವರು ಸಿಗುತ್ತಾರೆ. 180ಕ್ಕೂ 172.8ಕ್ಕೂ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಮಿನುಗುವ ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಜಾಗಕ್ಕೆ ಹೋದ ಕೂಡಲೇ ಲೈಟನ್ನು ಪರೀಕ್ಷಿಸಲು ಸುಲಭ ಉಪಾಯ ಇದೆ. ಆ ಲೈಟು ಬೀಳುವ ಬಿಳಿ ಗೋಡೆಗೆ ಕ್ಯಾಮೆರಾ ಹಿಡಿದು ಶಟರನ್ನು 1/500ಕ್ಕೆ ಏರಿಸಿ. ಅಡ್ಡ ಪಟ್ಟಿಗಳು ಕಂಡರೆ ಲೈಟು ಮಿಡಿಯುತ್ತಿದೆ ಎಂದರ್ಥ. ಈಗ ಮೇಲಿನ ವೇಗಗಳಿಗೆ ಇಳಿಸುತ್ತಾ ಬನ್ನಿ, ಪಟ್ಟಿ ಮಾಯವಾದಲ್ಲಿ ನಿಲ್ಲಿಸಿ. ಕ್ಯಾಮೆರಾದ ಪುಟ್ಟ ಪರದೆಯನ್ನು ಪೂರ್ತಿ ನಂಬಬೇಡಿ, ಅದಕ್ಕೂ ತನ್ನದೇ ಲಯ ಇದೆ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡುವುದೇ ಸರಿ.

ಅಗ್ಗದ ಎಲ್‌ಇಡಿಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಡಿಮ್ಮರ್ ಹಾಕಿದವಂತೂ ಕರೆಂಟಿನ ಲಯ ಬಿಟ್ಟು ತಮ್ಮದೇ ವೇಗದಲ್ಲಿ ಆರಿ ಉರಿಯುತ್ತವೆ. ಅಂಥ ಕಡೆ ಕ್ಲಿಯರ್ ಸ್ಕ್ಯಾನ್, ಸಿಂಕ್ರೊ ಸ್ಕ್ಯಾನ್ ಅಥವಾ ಇಸಿಎಸ್ ಎಂಬ ಮೆನುವಿನಿಂದ ಶಟರನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿಸಿ ಪಟ್ಟಿ ನಿಲ್ಲುವ ಜಾಗ ಹುಡುಕಬೇಕು. ಹಿನ್ನೆಲೆಯಲ್ಲಿ ಟಿವಿ, ದೊಡ್ಡ ಎಲ್‌ಇಡಿ ಗೋಡೆ ಇದ್ದರೂ ಇದೇ ಮದ್ದು. ಯಾವುದಕ್ಕೂ ಬಗ್ಗದಿದ್ದರೆ ಆ ಲೈಟು ಆರಿಸಿ, ನಿಮ್ಮದನ್ನು ಹಾಕಿ. ಕಿಟಕಿಯ ಬಿಸಿಲಿಗೆ ಈ ಯಾವ ಸಮಸ್ಯೆಯೂ ಇಲ್ಲ.

ಅಮೆರಿಕದಲ್ಲೇ 29.97ರಲ್ಲಿ ತೆಗೆದರೂ, ಶಟರ್ ತುಂಬಾ ವೇಗವಾಗಿದ್ದರೆ ಪಟ್ಟಿಗಳು ಆಮೆಯಂತೆ ತೆವಳುತ್ತವೆ. ಕಾರಣ ಅದೇ ಸಾವಿರದಲ್ಲೊಂದು ಪಾಲು. ಲೈಟು 120 ಸಲ, ನಾಲ್ಕು ಪಟ್ಟು ಫ್ರೇಮ್ 119.88. ಆ 0.12ರ ವ್ಯತ್ಯಾಸದಿಂದ ಎಂಟು ಸೆಕೆಂಡಿಗೊಮ್ಮೆ ಪಟ್ಟಿ ಒಂದು ಸುತ್ತು ಹಾಕುತ್ತದೆ.

ಹಂತ 4: ಒಂದಕ್ಕಿಂತ ಹೆಚ್ಚು ಕ್ಯಾಮೆರಾ, ಧ್ವನಿ, ಟೈಮ್‌ಕೋಡ್

ಎರಡು ಕ್ಯಾಮೆರಾ ಇದ್ದರೆ ಎರಡರ ಫ್ರೇಮ್ ರೇಟೂ ದಶಮಾಂಶದವರೆಗೆ ಒಂದೇ ಇರಬೇಕು. 29.97ರ ಪಕ್ಕ 30 ಇಟ್ಟರೆ, 23.976ರ ಪಕ್ಕ 24 ಇಟ್ಟರೆ ಒಂದು ಗಂಟೆಯಲ್ಲಿ ಎಣಿಕೆ 3.6 ಸೆಕೆಂಡ್ ಜಾರುತ್ತದೆ. ಬಾಡಿಗೆಗೆ ತಂದ ಕ್ಯಾಮೆರಾ ಇದ್ದರೆ ಮೊದಲು ಅದರ ಮೆನು ತೆರೆದು ನೋಡಿ. ಹಿಂದೆ ಬಳಸಿದವರು ಏನು ಬಿಟ್ಟುಹೋಗಿದ್ದಾರೋ ಅದೇ ಇರುತ್ತದೆ. ನೇರಪ್ರಸಾರದ ಮಿಕ್ಸರ್‌ಗೆ ಕೊಡುವುದಾದರೆ ಎಲ್ಲ ಕ್ಯಾಮೆರಾಗಳೂ ಒಂದೇ ಫಾರ್ಮ್ಯಾಟ್ ಕೊಡಬೇಕು. ಒಳಗೇ ಪರಿವರ್ತಿಸುವ ಮಿಕ್ಸರ್‌ಗಳಿವೆ, ಆದರೆ ಅವು ಮಾಡುವುದು ಸಾಮಾನ್ಯವಾಗಿ ಫ್ರೇಮನ್ನು ಎರಡು ಸಲ ಹಾಕುವ ಅಥವಾ ಬಿಡುವ ಕೆಲಸ.

ಧ್ವನಿ ಎರಡೂ ಕಡೆ 48 ಕಿಲೋಹರ್ಟ್ಸ್. ಬೇರೆ ರೆಕಾರ್ಡರ್ ಇದ್ದರೆ ಅದರ ಟೈಮ್‌ಕೋಡನ್ನೂ ಕ್ಯಾಮೆರಾದ ರೇಟಿಗೇ ಇಡಿ.

29.97ರಲ್ಲಿ ಟೈಮ್‌ಕೋಡ್ ಎರಡು ಬಗೆ. ಫ್ರೇಮನ್ನು 30ರ ಲೆಕ್ಕದಲ್ಲಿ ಎಣಿಸುತ್ತಾ ಹೋದರೆ ಟೈಮ್‌ಕೋಡಿನ ಒಂದು ಗಂಟೆ ಗಡಿಯಾರದ ಒಂದು ಗಂಟೆಗಿಂತ 3.6 ಸೆಕೆಂಡ್ ಉದ್ದವಾಗುತ್ತದೆ, ಅಂದರೆ 108 ಫ್ರೇಮ್. ಡ್ರಾಪ್ ಫ್ರೇಮ್ ಎಂಬ ಬಗೆಯಲ್ಲಿ ಪ್ರತಿ ನಿಮಿಷದ ಆರಂಭದಲ್ಲಿ ಎರಡು ಸಂಖ್ಯೆ ಹಾರಿಸುತ್ತಾರೆ, ಹತ್ತನೇ ನಿಮಿಷಕ್ಕೆ ಮಾತ್ರ ಹಾರಿಸುವುದಿಲ್ಲ. ಹತ್ತು ನಿಮಿಷಕ್ಕೆ 18, ಗಂಟೆಗೆ 108. ಲೆಕ್ಕ ಸರಿಹೋಯಿತು. ಹಾರುವುದು ಸಂಖ್ಯೆ ಮಾತ್ರ, ಚಿತ್ರ ಒಂದೂ ಕಳೆದುಹೋಗುವುದಿಲ್ಲ. ಅಮೆರಿಕದ ಪ್ರಸಾರಕ್ಕೆ ಸಾಮಾನ್ಯವಾಗಿ ಕೇಳುವುದು ಇದನ್ನೇ. 25ರಲ್ಲಿ ಈ ರಗಳೆ ಇಲ್ಲವೇ ಇಲ್ಲ.

ಹಂತ 5: ಎಡಿಟಿಂಗ್‌ಗೆ ಮೊದಲು ಪ್ರತಿ ಕ್ಲಿಪ್ ನೋಡಿ

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ಮೂರು ಸಾಲು ಓದಿ: ಫ್ರೇಮ್ ರೇಟ್, ಫ್ರೇಮ್ ರೇಟ್ ಮೋಡ್, ಸ್ಕ್ಯಾನ್ ಟೈಪ್. ಮೋಡ್ ವೇರಿಯಬಲ್ ಎಂದಿದ್ದರೆ ಅದು ಫೋನಿನ ಅಥವಾ ಪರದೆ ರೆಕಾರ್ಡಿಂಗಿನ ಫೈಲ್. ನೇರವಾಗಿ ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿಗೆ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ಹಾಕಿದರೆ ಸ್ವಲ್ಪ ಹೊತ್ತಿನ ನಂತರ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವ ಸಾಧ್ಯತೆ ಇದೆ. ಮೊದಲು ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟಿಗೆ ತನ್ನಿ.

ಫೈಲ್ 59.94ಐ ಎಂದು ತೋರಿಸಿದರೂ ಒಳಗಿರುವುದು 23.976 ಆಗಿರಬಹುದು. ಹಳೆಯ ಕ್ಯಾಮ್‌ಕಾರ್ಡರ್‌ಗಳು ನಾಲ್ಕು ಫ್ರೇಮನ್ನು ಎರಡು ಫೀಲ್ಡ್, ಮೂರು ಫೀಲ್ಡ್ ಎಂದು ಸರದಿಯಲ್ಲಿ ಹರಡಿ ಹತ್ತು ಫೀಲ್ಡ್ ಮಾಡುತ್ತಿದ್ದವು, ಇದಕ್ಕೆ ಪುಲ್‌ಡೌನ್ ಎಂದು ಹೆಸರು. ಕ್ಲಿಪ್ಪನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳಿ. ಮೂರು ಫ್ರೇಮ್ ಶುಭ್ರ, ಎರಡು ಫ್ರೇಮಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ, ಮತ್ತೆ ಮೂರು ಶುಭ್ರ ಎಂದು ಬಂದರೆ ಅದೇ. ಅಂಥದ್ದಕ್ಕೆ ಪುಲ್‌ಡೌನ್ ತೆಗೆಯುವ ಆಯ್ಕೆ ಬಳಸಿ 23.976ಕ್ಕೆ ಮರಳಿಸಿ, ಉಳಿದದ್ದು ಆಮೇಲೆ.

ಹಂತ 6: ಟೈಮ್‌ಲೈನ್ ಮತ್ತು ಪರಿವರ್ತನೆ

ಮೊದಲ ಕ್ಲಿಪ್ ಎಳೆದುಹಾಕುವ ಮುನ್ನವೇ ಟೈಮ್‌ಲೈನ್ ಫ್ರೇಮ್ ರೇಟ್ ಇಟ್ಟುಬಿಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಫುಟೇಜ್ ಒಳಗೆ ಬಂದ ಮೇಲೆ ಪ್ರಾಜೆಕ್ಟ್ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಇನ್ನೊಂದು ತಂತ್ರಾಂಶ ಪ್ರೀಮಿಯರ್ ಮೊದಲ ಕ್ಲಿಪ್ಪಿಗೆ ತಕ್ಕಂತೆ ಬದಲಿಸಲೇ ಎಂದು ಕೇಳುತ್ತದೆ. ಕಣ್ಣುಮುಚ್ಚಿ ಹೂಂ ಎನ್ನಬೇಡಿ.

ಈಗ ಬೇರೆ ರೇಟಿನ ಕ್ಲಿಪ್ ಬಂದಾಗ ಇರುವ ದಾರಿಗಳು.

*ವೇಗ ಬದಲಿಸುವುದು.* ಇದು ಎಲ್ಲಕ್ಕಿಂತ ಶುಭ್ರ. ಒಂದು ಫ್ರೇಮೂ ಹುಟ್ಟುವುದಿಲ್ಲ, ಒಂದೂ ಸಾಯುವುದಿಲ್ಲ. 23.976ನ್ನು 25ರಲ್ಲಿ ಓಡಿಸಿದರೆ ನಾಲ್ಕು ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ ವೇಗ. ಸಿನಿಮಾಗಳು ಯುರೋಪಿನ ಟಿವಿಗೆ ಹೋಗುತ್ತಿದ್ದದ್ದೇ ಹೀಗೆ, 24ರಲ್ಲಿ ತೆಗೆದ 100 ನಿಮಿಷದ ಚಿತ್ರ 96 ನಿಮಿಷದಲ್ಲಿ ಮುಗಿಯುತ್ತಿತ್ತು. ತಿರುಗುಮುರುಗಾಗಿ 25ನ್ನು 23.976ಕ್ಕೆ ಇಳಿಸಿದರೆ 60 ನಿಮಿಷದ ಕಾರ್ಯಕ್ರಮ 62 ನಿಮಿಷ 34 ಸೆಕೆಂಡ್ ಆಗುತ್ತದೆ. ಆಮೇಲೆ ಪುಲ್‌ಡೌನ್ ಹಾಕಿ 59.94ಐ ಮಾಡಿದರೆ ಅಮೆರಿಕದ ಚಾನೆಲ್ಲಿಗೆ ಸಿದ್ಧ. 25ಕ್ಕೆ ನನ್ನ ಮತ ಎಂದದ್ದು ಇದಕ್ಕೇ. ಧ್ವನಿಯ ಶ್ರುತಿ ಮುಕ್ಕಾಲು ಸೆಮಿಟೋನಿನಷ್ಟು ಇಳಿಯುತ್ತದೆ, ಶ್ರುತಿ ಸರಿಪಡಿಸುವ ಆಯ್ಕೆ ಹಾಕಲು ಮರೆಯಬೇಡಿ. ಸಂಗೀತ ಕಛೇರಿಗೆ ಈ ದಾರಿ ಬೇಡ, ಶ್ರುತಿ ಸರಿಮಾಡಿದರೂ ಲಯ ನಿಧಾನವಾಗಿರುವುದು ಕಲಾವಿದರಿಗೆ ಗೊತ್ತಾಗುತ್ತದೆ. ಕಾರ್ಯಕ್ರಮದ ಅವಧಿ ನಿಮಿಷಕ್ಕೆ ಕಟ್ಟುಬಿದ್ದಿದ್ದರೂ ಕಷ್ಟ, ಎರಡೂವರೆ ನಿಮಿಷ ಕತ್ತರಿಸಬೇಕಾಗುತ್ತದೆ.

ಮಾತಿಲ್ಲದ ದೃಶ್ಯಗಳಿಗೆ ಇದೇ ಉಪಾಯ ಇನ್ನೂ ಚೆನ್ನಾಗಿ ಒದಗುತ್ತದೆ. 59.94ರ ಕ್ಲಿಪ್ಪನ್ನು 25 ಎಂದು ಓದಿಸಿದರೆ 2.4 ಪಟ್ಟು ನಿಧಾನದ ಚಂದದ ಸ್ಲೋ ಮೋಷನ್. 29.97ನ್ನು 25 ಎಂದು ಓದಿಸಿದರೆ 83 ಶೇಕಡಾ ವೇಗ. ಮೋಡ, ಅಲೆ, ಮರಗಳಲ್ಲಿ ಯಾರಿಗೂ ತಿಳಿಯದು. ನಡೆಯುವ ಜನ ಮಾತ್ರ ಸ್ವಲ್ಪ ಭಾರವಾಗಿ ಹೆಜ್ಜೆ ಇಡುವಂತೆ ಕಾಣುತ್ತಾರೆ. ಪ್ರೀಮಿಯರ್‌ನಲ್ಲಿ ಇಂಟರ್‌ಪ್ರಿಟ್ ಫುಟೇಜ್, ರಿಸಾಲ್ವ್‌ನಲ್ಲಿ ಕ್ಲಿಪ್ ಆ್ಯಟ್ರಿಬ್ಯೂಟ್ಸ್ ಒಳಗೆ ಇದನ್ನು ಬದಲಿಸಬಹುದು.

*ಫ್ರೇಮನ್ನು ಎರಡು ಸಲ ಹಾಕುವುದು, ಬಿಡುವುದು.* ತಂತ್ರಾಂಶವನ್ನು ಅದರ ಪಾಡಿಗೆ ಬಿಟ್ಟರೆ ಮಾಡುವುದು ಇದನ್ನೇ. ಐದು ಫ್ರೇಮ್ ಇರುವಲ್ಲಿ ಆರು ಬೇಕಾದರೆ ಒಂದನ್ನು ಎರಡು ಸಲ ತೋರಿಸುತ್ತದೆ. 25ರಿಂದ 29.97ಕ್ಕೆ ಸೆಕೆಂಡಿಗೆ ಐದು ತೊಡರು. ಮೊದಲು ಹೇಳಿದ ಮುಗ್ಗರಿಸುವ ಮನುಷ್ಯ ಇವನೇ. ಕೂತು ಮಾತಾಡುವ ಸಂದರ್ಶನಕ್ಕೆ ಪರವಾಗಿಲ್ಲ, ಕೈ ಆಡಿಸುವವರಾದರೆ ಗೊತ್ತಾಗುತ್ತದೆ. ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗುವ ದೃಶ್ಯವಾದರೆ ನೋಡಲಾಗದು. 29.97ರಿಂದ 25ಕ್ಕೆ ಬರುವಾಗ ಆರರಲ್ಲೊಂದು ಫ್ರೇಮ್ ಬಿದ್ದುಹೋಗುತ್ತದೆ, ಅಲ್ಲಿ ಚಲನೆ ನಿಲ್ಲುವ ಬದಲು ಹಾರುತ್ತದೆ. ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

*ಫ್ರೇಮ್ ಬೆರೆಸುವುದು.* ಪಕ್ಕದ ಎರಡು ಫ್ರೇಮ್ ಕಲಸಿ ಹೊಸದೊಂದು ಮಾಡುತ್ತದೆ. ತೊಡರು ಹೋಗುತ್ತದೆ, ಬದಲಿಗೆ ಚಲಿಸುವ ವಸ್ತುವಿಗೆಲ್ಲ ನೆರಳಿನಂಥ ಜೋಡಿ ಅಂಚು ಬರುತ್ತದೆ. ನನಗೆ ಇದು ಎರಡೂ ಕಡೆಯ ಕೆಟ್ಟದ್ದು ಸೇರಿದಂತೆ ಅನಿಸುತ್ತದೆ, ಬೇರೆ ದಾರಿ ಇಲ್ಲದಾಗ ಮಾತ್ರ.

*ಚಲನೆ ಲೆಕ್ಕಹಾಕಿ ಹೊಸ ಫ್ರೇಮ್ ಮಾಡುವುದು.* ರಿಸಾಲ್ವ್, ಪ್ರೀಮಿಯರ್ ಎರಡರಲ್ಲೂ ಆಪ್ಟಿಕಲ್ ಫ್ಲೋ ಎಂಬ ಹೆಸರಿದೆ. ವಸ್ತು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಊಹಿಸಿ ನಡುವಿನ ಚಿತ್ರ ಬರೆಯುತ್ತದೆ. ಸರಿಬಂದಾಗ ಅದ್ಭುತ. ತಪ್ಪಿದಾಗ ಬೆರಳುಗಳು ಅಂಟಿಕೊಳ್ಳುತ್ತವೆ, ಸೈಕಲ್ ಚಕ್ರದ ಕಡ್ಡಿಗಳು ಕರಗುತ್ತವೆ, ಪರದೆಯ ಕೆಳಗೆ ಓಡುವ ಅಕ್ಷರಗಳು ನಲುಗುತ್ತವೆ. ಆದ್ದರಿಂದ ಇಡೀ ಟೈಮ್‌ಲೈನಿಗೆ ಒಮ್ಮೆಲೇ ಹಾಕಬೇಡಿ. ಕ್ಲಿಪ್ ಕ್ಲಿಪ್ಪಿಗೆ ಹಾಕಿ, ಚಲನೆ ಜಾಸ್ತಿಯಿರುವ ಜಾಗವನ್ನು ಒಂದೊಂದೇ ಫ್ರೇಮ್ ತಳ್ಳಿ ನೋಡಿ, ಕೆಟ್ಟಿದ್ದರೆ ಆ ಒಂದು ಕ್ಲಿಪ್ಪಿಗೆ ಬೇರೆ ದಾರಿ ಹಿಡಿಯಿರಿ. ಹೆಸರು, ಶೀರ್ಷಿಕೆ, ಗ್ರಾಫಿಕ್ಸ್ ಮುಂತಾದವನ್ನು ಪರಿವರ್ತನೆ ಆದ ಮೇಲೆ ಹೊಸ ರೇಟಿನಲ್ಲೇ ಹಾಕಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಆಟದ ಪ್ರಸಾರದಂಥ ಕೆಲಸಕ್ಕೆ ಚಾನೆಲ್ಲುಗಳು ಇದೇ ತತ್ವದ ಯಂತ್ರಗಳನ್ನು ಇಟ್ಟುಕೊಂಡಿರುತ್ತವೆ. ಆಲ್ಕೆಮಿಸ್ಟ್ ಎಂಬ ಕನ್ವರ್ಟರ್ ಆ ವಲಯದಲ್ಲಿ ಹೆಸರುವಾಸಿ. ಒಂದು ಕಾಲದಲ್ಲಿ ಪರಿವರ್ತನೆ ಎಂದರೆ ಒಂದು ಪದ್ಧತಿಯ ಪರದೆಯ ಎದುರು ಇನ್ನೊಂದು ಪದ್ಧತಿಯ ಕ್ಯಾಮೆರಾ ನಿಲ್ಲಿಸುವುದು. 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಬಿಬಿಸಿ ಎಂಜಿನಿಯರುಗಳು ಪೂರ್ತಿ ಎಲೆಕ್ಟ್ರಾನಿಕ್ ಕನ್ವರ್ಟರ್ ಮಾಡಿ ಅಲ್ಲಿನ 525 ಗೆರೆಯ ಬಣ್ಣದ ಚಿತ್ರವನ್ನು ಯುರೋಪಿನ 625 ಗೆರೆಗೆ ತಂದರು.

ಪರಿವರ್ತನೆ ಎಷ್ಟೇ ಒಳ್ಳೆಯದಾದರೂ ಒಂದೇ ಸಲ ಆಗಬೇಕು. 29.97ರ ಕ್ಲಿಪ್ಪನ್ನು 25ರ ಟೈಮ್‌ಲೈನಿಗೆ ತಂದು, ಮತ್ತೆ ಅಮೆರಿಕಕ್ಕೆಂದು 29.97ಕ್ಕೆ ಮರಳಿಸಿದರೆ ಮೊದಲ ಸಲ ಕಳೆದದ್ದು ಎರಡನೇ ಸಲ ಹಿಂದಕ್ಕೆ ಬರುವುದಿಲ್ಲ. ಮೂಲ ಫೈಲುಗಳನ್ನು ಬೇರೆಯೇ ಇಟ್ಟುಕೊಂಡು, ಅಮೆರಿಕದ ಪ್ರತಿಗೆ ಆ ಕ್ಲಿಪ್‌ಗಳನ್ನು ಮೂಲದಿಂದಲೇ ಹಾಕಿ.

ಹಂತ 7: ಇಂಟರ್‌ಲೇಸ್ ಮತ್ತು ಹಳೆಯ ಟೇಪ್

50ಐ ಫುಟೇಜಿನಲ್ಲಿ ಚಲನೆಯ 50 ಕ್ಷಣಗಳು ಇವೆ, 25 ಅಲ್ಲ. ಮೊದಲು ಅದನ್ನು 50ಪಿ ಮಾಡಿ, ಆಮೇಲೆ 59.94ಪಿ, ಕೊನೆಗೆ ಬೇಕಿದ್ದರೆ 59.94ಐ. ಮೊದಲೇ 25ಪಿ ಮಾಡಿಬಿಟ್ಟರೆ ಅರ್ಧ ಚಲನೆ ಕೈಬಿಟ್ಟಂತೆ.

ಎಚ್‌ಡಿಗೆ ಮೊದಲಿದ್ದ ಹಳೆಯ ಎಸ್‌ಡಿಯಲ್ಲಿ ಚಿತ್ರದ ಅಳತೆಯೂ ಬೇರೆ, ಅಮೆರಿಕದ್ದು 720×480, ಯುರೋಪಿನದು 720×576. ಇಂಟರ್‌ಲೇಸ್ ಬಿಡಿಸದೆ ಎತ್ತರ ಬದಲಿಸಿದರೆ ಎರಡು ಫೀಲ್ಡ್‌ಗಳು ಕಲಸಿಹೋಗುತ್ತವೆ, ಅದಕ್ಕೆ ಮದ್ದಿಲ್ಲ. ಫೀಲ್ಡ್ ಕ್ರಮವನ್ನೂ ನೋಡಿ: ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು, 1080ಐಯಲ್ಲಿ ಮೇಲಿನದು ಮೊದಲು. ತಪ್ಪಿದರೆ ಚಲಿಸುವುದೆಲ್ಲ ಹಿಂದೆ ಮುಂದೆ ನಡುಗುತ್ತದೆ.

ಹಂತ 8: ಕೊಡುವ ಮುನ್ನ

ಸಿದ್ಧವಾದ ಫೈಲನ್ನು ಮತ್ತೆ ಮೀಡಿಯಾಇನ್ಫೋದಲ್ಲಿ ತೆರೆಯಿರಿ. ಫ್ರೇಮ್ ರೇಟ್, ಸ್ಕ್ಯಾನ್ ಟೈಪ್, ಫೀಲ್ಡ್ ಕ್ರಮ ಮೂರೂ ಚಾನೆಲ್ಲಿನ ಕಾಗದಕ್ಕೆ ಹೊಂದಬೇಕು. ಧ್ವನಿಯ ಮಟ್ಟವೂ ಬೇರೆ: ಯುರೋಪಿನ ಇಬಿಯು ಆರ್128 ಪ್ರಕಾರ ಮೈನಸ್ 23 ಎಲ್‌ಯುಎಫ್‌ಎಸ್, ಅಮೆರಿಕದ ಎಟಿಎಸ್‌ಸಿ ಎ/85 ಪ್ರಕಾರ ಮೈನಸ್ 24. ವೇಗ ಬದಲಿಸಿದ್ದರೆ ಸಬ್‌ಟೈಟಲ್ ಫೈಲಿನ ಸಮಯವನ್ನೂ ಅದೇ ಪ್ರಮಾಣದಲ್ಲಿ ಬದಲಿಸಿ. ಇಲ್ಲದಿದ್ದರೆ ಗಂಟೆಯ ಕೊನೆಯಲ್ಲಿ ಅಕ್ಷರ ಎರಡೂವರೆ ನಿಮಿಷ ಆಚೀಚೆ ಇರುತ್ತದೆ.

ಕೊನೆಯದಾಗಿ, ನೋಡುವ ಪರದೆ. ಯುರೋಪಿನ ಟಿವಿಗಳು ಸಾಮಾನ್ಯವಾಗಿ 50, 60 ಎರಡನ್ನೂ ತೋರಿಸುತ್ತವೆ. ಅಮೆರಿಕದ ಹಲವು ಟಿವಿಗಳು 50 ಹರ್ಟ್ಸ್ ಸಂಕೇತ ಬಂದರೆ ಕಪ್ಪು ಪರದೆ ತೋರಿಸಿ ಕೂರುತ್ತವೆ. ಕಂಪ್ಯೂಟರ್ ಪರದೆ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿರುತ್ತದೆ. ಅದರಲ್ಲಿ 25ರ ಫ್ರೇಮುಗಳು ಎರಡು ಸಲ, ಮೂರು ಸಲ ಎಂದು ಏರುಪೇರಾಗಿ ಬರುವುದರಿಂದ ಫೈಲ್ ಸರಿಯಿದ್ದರೂ ತೊಡರಿದಂತೆ ಕಾಣುತ್ತದೆ. ಅದನ್ನು ನೋಡಿ ಗಾಬರಿಬಿದ್ದು ಮತ್ತೆ ಪರಿವರ್ತನೆಗೆ ಕೂರುವ ಮೊದಲು ಪರದೆಯನ್ನು 50 ಹರ್ಟ್ಸ್‌ಗೆ ಇಟ್ಟು, ಕ್ಯಾಮೆರಾ ನಿಧಾನವಾಗಿ ತಿರುಗುವ ಒಂದು ದೃಶ್ಯವನ್ನು ಹಾಕಿ ನೋಡಿ. ಅಲ್ಲಿ ನುಣುಪಾಗಿ ಸರಿದರೆ ಫೈಲ್ ಕಳಿಸಬಹುದು.